ಹೆಡ್ಮಿಸ್ಸಿಗೆ ಬಂದ ಪ್ರಶ್ನೆಗಳು

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ 6.40

ಬಟ್ಟೆ ನೆನೆಸಿಯಾಯಿತು. ಹಾಲು ಒಲೆಯ ಮೇಲಿದೆ. ಅದು ಉಕ್ಕುವಷ್ಟರಲ್ಲಿ ಗ್ರೂಪಿನಲ್ಲಿ ಮೂರು ಪ್ರಶ್ನೆ. ಶಾಲೆಗೆ ಕಳಿಸದೆ ಮಕ್ಕಳಿಗೆ ಮನೆಯಲ್ಲೇ ಕಲಿಸುವವರ ಗ್ರೂಪು. ನಲವತ್ತೊಂದು ಜನ. ತಾಯಂದಿರೇ ಹೆಚ್ಚು. ಅಜ್ಜಿ ಎಂದರೆ ನಾನೊಬ್ಬಳೇ.

ಒಬ್ಬಳಿಗೆ ಬಿಳಿ ಅಂಗಿಯ ಮೇಲೆ ಬಾಲ್‌ಪೆನ್ನಿನ ಕಲೆ. ಅಡಿಗೆ ಹಳೇ ಟವೆಲು ಹಾಸಿ ಸ್ಪಿರಿಟ್ಟಿನಲ್ಲಿ ಒತ್ತು, ಉಜ್ಜಬೇಡ ಎಂದೆ. ಉಜ್ಜಿದರೆ ಕಲೆ ಅಲ್ಲೇ ಸಂಸಾರ ಹೂಡುತ್ತದೆ. ಅವಳಿಯಮ್ಮನಿಗೆ — ಅವಳಿ ಗಂಡುಮಕ್ಕಳ ತಾಯಿ, ಪಾಪದ ಹೆಂಗಸು — ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಜಗಳವಂತೆ. ಒಬ್ಬನಿಗೆ ಪಾಠ, ಇನ್ನೊಬ್ಬನಿಗೆ ಬಟಾಣಿ ಸುಲಿಯುವ ಕೆಲಸ, ಅರ್ಧ ಗಂಟೆಗೆ ಅದಲುಬದಲು. ವ್ಯಾನಿನವಳು — ಗಂಡ ಮಗಳೊಂದಿಗೆ ವ್ಯಾನಿನಲ್ಲೇ ಸಂಸಾರ, ಊರೂರು ಸುತ್ತುತ್ತಲೇ ಪಾಠ — ತಿರುವು ರಸ್ತೆಯಲ್ಲಿ ಮಗಳಿಗೆ ವಾಂತಿ ಎಂದಳು. ಮುಂದಿನ ಸೀಟು, ಒಣ ಬಿಸ್ಕತ್ತು, ದೂರದ ನೋಟ. ಗಾಡಿಯಲ್ಲಿ ಪುಸ್ತಕ ಬೇಡ.

ಮೂವರೂ "ಥ್ಯಾಂಕ್ಸ್ ಹೆಡ್ಮಿಸ್" ಎಂದರು. ಅಲ್ಲಿ ನನಗೆ ಅದೇ ಹೆಸರು. ಹೈಸ್ಕೂಲಿನಾಚೆ ಮೆಟ್ಟಿಲು ಹತ್ತದವಳಿಗೆ! ಹೆಮ್ಮೆ ಇಲ್ಲ ಎಂದರೆ ಸುಳ್ಳಾದೀತು.

9.30 — ಕಡ್ಡಿಯ ಓದು. ನನ್ನ ಮೊಮ್ಮಗಳು. ಎಂಟು ತುಂಬಿದೆ, ಮೈಯಲ್ಲಿ ಮಾಂಸವಿಲ್ಲ, ಅದಕ್ಕೇ ಕಡ್ಡಿ. ಮೊದಲ ಸಲ ನಾನು ಓದುವುದು, ಎರಡನೇ ಸಲ ಇಬ್ಬರೂ, ಮೂರನೇ ಸಲ ಅವಳೊಬ್ಬಳೇ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಒಂದು ತಪ್ಪಿಲ್ಲ. ನಾನು ಕಲಿತದ್ದೂ ಹೀಗೇ. ಇದರ ವಿಡಿಯೋ ಹಾಕಿದ ಮೇಲೆ ಗ್ರೂಪಿನ ಹನ್ನೊಂದು ಮನೆಗಳವರು ಇದೇ ಪದ್ಧತಿ ಹಿಡಿದಿದ್ದಾರೆ.

ಸಂಜೆ ಸೊಸೆ ಆಸ್ಪತ್ರೆಯಿಂದ ಬಂದಳು. ಅಲ್ಲಿ ಲ್ಯಾಬಿನಲ್ಲಿ ಕೆಲಸ. ಚಪ್ಪಲಿ ಬಿಡುತ್ತಲೇ ಶುರು.

"ಅತ್ತೆ, ನೀವು ಮೊದಲು ಓದಿ ಹೇಳದೇ ಇರೋ ಪುಸ್ತಕ ಅವಳಿಗೆ ಕೊಟ್ಟು ನೋಡಿದ್ದೀರಾ?"

"ಹಳೇದು ಅರಗಲಿ, ಆಮೇಲೆ ಹೊಸದು. ನಿನ್ನ ಲ್ಯಾಬಿಗೆ ಬಂದು ನಾನು ಸೂಜಿ ಹಿಡಿಯೋದು ಕಲಿಸ್ತೀನಾ?"

ಸುಮ್ಮನಾದಳು. ಸುಮ್ಮನಾಗುವುದೇ ಅವಳ ಅಸ್ತ್ರ. ಬೇರೆ ಊರಿನ ದೊಡ್ಡ ಆಸ್ಪತ್ರೆ ಅವಳನ್ನು ಕರೆದಿದೆ. ಎದುರಿಗೇ ಶಾಲೆಯಂತೆ. ಮಗ ಲಾರಿ ಓಡಿಸುವವನು, ಅವನಿಗೆ ಯಾವ ಊರಾದರೇನು, ತಲೆಯಾಡಿಸುತ್ತಾನೆ. ನಾನು ಹೇಳಿಬಿಟ್ಟಿದ್ದೇನೆ: ಮಗುವಿನ ಕಲಿಕೆಯಲ್ಲಿ ಒಂದು ಹುಳುಕು ತೋರಿಸಿ, ಆಮೇಲೆ ಕರೆದುಕೊಂಡು ಹೋಗಿ. ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ನಾಡಿದ್ದು ಬಲಗಣ್ಣಿನ ಪೊರೆ ಆಪರೇಷನ್. ಎಡಗಣ್ಣು ಮೊದಲೇ ಮಂಜು.

ಫೆಬ್ರವರಿ 9, ಭಾನುವಾರ

ದಪ್ಪ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ಆರು ಸಾಲು. ಅವೂ ಏಣಿ ಹತ್ತುತ್ತವೆ. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಫೋನು ನೋಡಬಾರದು. ಎಲ್ಲ ಬಾರದು.

ಕಣ್ಣಿಗೆ ಔಷಧಿ ಬಿಡುವವಳು ಕಡ್ಡಿ. ನೀಲಿ ಮುಚ್ಚಳದ್ದು ನಾಲ್ಕು ಸಲ, ಬಿಳಿಯದು ಎರಡು. ಮರೆಯುವುದಿಲ್ಲ, ಜಾಣೆ. ಗ್ರೂಪಿನ ಮೆಸೇಜು ಓದಿ ಹೇಳುವವಳೂ ಅವಳೇ. ನಾನು ಬಾಯಲ್ಲಿ ಉತ್ತರ ಹೇಳುತ್ತೇನೆ, ಅವಳು ಬಟನ್ ಒತ್ತಿ ಹಿಡಿಯುತ್ತಾಳೆ. ಹಾಗೇ ಹೋಗುತ್ತದೆ. ಉಳಿದವರೆಲ್ಲ ಬೆರಳಲ್ಲೇ ಮಾತಾಡುವವರು. ನನ್ನೊಬ್ಬಳದೇ ದನಿ.

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ

ಈ ವಾರ ಪ್ರಶ್ನೆಗಳು ವಿಚಿತ್ರ.

"ಅಜ್ಜಿ, ವ್ಯಾನಲ್ಲಿ ಒಂದು ಇಲಿ ಸೇರ್ಕೊಂಡಿದೆಯಂತೆ. ಆರು ಊರು ಇವರ ಜೊತೇನೇ ಬಂದಿದೆಯಂತೆ. ಓಡಿಸೋದಾ, ಇಟ್ಕೊಳ್ಳೋದಾ ಅಂತ ಕೇಳ್ತಿದಾರೆ."

"ಇಟ್ಕೊಳ್ಳೋದಾ? ಅದಕ್ಕೆ ಟಿಕೆಟ್ಟೂ ತೆಗೆಸ್ಲಿ!"

ನಕ್ಕೆವು. ಕಡ್ಡಿ ನಕ್ಕರೆ ಮೂಗಿನಲ್ಲಿ ಸದ್ದು ಬರುತ್ತದೆ. ಬ್ರೆಡ್ಡಿನ ಚೂರು ಒಳಗೆ ಬಿಡಬಾರದು, ಬೋನಿಡಬೇಕು, ಹಾಸಿಗೆ ಬಿಸಿಲಿಗೆ ಹಾಕಬೇಕು ಎಂದು ಹೇಳಿ ಕಳಿಸಿದೆ.

"ಅವಳಿಯಮ್ಮ ಬರ್ದಿದಾರೆ ಅಜ್ಜಿ. ಒಬ್ಬ ಮಗ ಪಾಠ ಅಂದ್ರೆ ಮಂಚದ ಕೆಳಗೆ ಹೋಗಿ ಮಲ್ಕೊಳ್ತಾನಂತೆ. ಹೊಡೀಬೇಕಾ?"

ಹೊಡೆಯಬೇಡ, ಹಸಿವಾದಾಗ ತಾನೇ ಬರುತ್ತಾನೆ ಎಂದೆ. ಕಡ್ಡಿ ಬಟನ್ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತಿದ್ದಳು.

ಫೆಬ್ರವರಿ 13, ಗುರುವಾರ. 4 ಗಂಟೆ

ಅವಳಿಯಮ್ಮನಿಂದ ಮತ್ತೆ. ಕಡ್ಡಿ ನಿಧಾನವಾಗಿ ಓದಿದಳು.

"ಹೆಡ್ಮಿಸ್, ಎಂಟು ವರ್ಷ ಆದ್ರೂ ಮಗೂಗೆ ಓದೋಕೆ ಬರದೇ ಇದ್ರೆ ಏನು ಮಾಡ್ಬೇಕು? ಯಾರಿಗೂ ಹೇಳ್ಬೇಡಿ."

ಯಾರಿಗೂ ಹೇಳಬೇಡಿ ಎಂದು ನಲವತ್ತೊಂದು ಜನರೆದುರು ಕೇಳುವುದೇ! ಸಿಟ್ಟು ಬಂತು. ಇಷ್ಟು ದಿನ ಬಟಾಣಿ, ಜಗಳ ಎಂದು ಹರಟಿದವಳು ಮುಖ್ಯ ಮಾತನ್ನು ಮುಚ್ಚಿಟ್ಟಿದ್ದಳು. ಹಿಡಿ ಬಟನ್ ಎಂದೆ. ಹೇಳಿದ್ದು ಅಕ್ಷರಶಃ ನೆನಪಿದೆ:

"ಅವಳಿಯಮ್ಮ, ಕೇಳು. ಎಂಟು ವರ್ಷಕ್ಕೆ ಓದೋಕೆ ಬರದ ಮಗು ಅಂತ ಇರೋದಿಲ್ಲ. ಸೋಮಾರಿ ಮಗು ಇರುತ್ತೆ, ಇಲ್ಲಾ ಸೋಮಾರಿ ತಾಯಿ ಇರ್ತಾಳೆ. ಇಬ್ಬರಿಗೂ ನಾಚಿಕೆ ಆಗ್ಬೇಕು. ಮುಚ್ಚಿಡಬೇಡ. ನಾಲ್ಕು ಜನರ ಎದುರು ನಿಲ್ಲಿಸಿ ಓದ್ಸು. ನಾಚಿಕೆಯಾದ್ರೆ ತಾನೇ ಬರುತ್ತೆ."

ಕಡ್ಡಿ ಬಟನ್ ಬಿಡಲಿಲ್ಲ. ಬಿಡು ಎಂದು ಎರಡು ಸಲ ಹೇಳಬೇಕಾಯಿತು.

ಔಷಧಿ ಕಹಿಯಾದರೇ ಗುಣ.

ಫೆಬ್ರವರಿ 15, ಶನಿವಾರ

ಗ್ರೂಪಿನಲ್ಲಿ ಏನು ಬಂದಿದೆ ಎಂದು ಕೇಳಿದರೆ ಕಡ್ಡಿ, "ಎಲ್ಲಾರೂ ಥ್ಯಾಂಕ್ಸ್ ಅಂತಿದಾರೆ ಅಜ್ಜಿ" ಎನ್ನುತ್ತಾಳೆ. ಅಷ್ಟೇ. ಊಟದಲ್ಲಿ ತಟ್ಟೆ ಕೆದಕುತ್ತಾಳೆ. ನಗೆ ಇಲ್ಲ. ಹಣೆ ಮುಟ್ಟಿ ನೋಡಿದೆ. ಜ್ವರವಿಲ್ಲ.

ಫೆಬ್ರವರಿ 18, ಮಂಗಳವಾರ. ಸಂಜೆ

ಮಗ ಬಂದಿದ್ದಾನೆ. ವಾರದ ನಡುವೆ, ಲೋಡು ಬಿಟ್ಟು. ಹೀಗೆಂದೂ ಬಂದವನಲ್ಲ. ಊಟಕ್ಕೆ ಕೂತಾಗ ಸೊಸೆ ಮೆತ್ತಗೆ ಕೇಳಿದಳು:

"ಅತ್ತೆ, ಇವತ್ತು ಯಾವ ವಾರ?"

"ಯಾಕೆ, ಕ್ಯಾಲೆಂಡರ್ ಗೋಡೆಯಿಂದ ಇಳಿದು ಹೋಯ್ತಾ?"

"ಅಮ್ಮ, ಸುಮ್ನೆ ಹೇಳು" ಎಂದ ಮಗ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಂಗಳವಾರ ಎಂದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಮಂಜುಗಣ್ಣಿಗೂ ಕಂಡಿತು. ಕೈ ತೊಳೆಯಲು ಹೋದಾಗ ಹಿಂದಿನಿಂದ ಸೊಸೆಯ ದನಿ — "ಮಗೂನ ಇವರೊಬ್ಬರ ಹತ್ರ ಬಿಟ್ಟು ಹೋಗೋಕೆ ಇನ್ನು ನನಗೆ ಧೈರ್ಯ ಇಲ್ಲ."

ಕೈ ತೊಳೆಯುತ್ತಲೇ ನಿಂತೆ. ನೀರು ಹರಿಯುತ್ತಲೇ ಇತ್ತು.

ಫೆಬ್ರವರಿ 20, ಗುರುವಾರ

ಕೇಳಿಬಿಟ್ಟೆ. ನನಗೇನಾಗಿದೆ, ನೇರ ಹೇಳಿ ಎಂದೆ.

ಸೊಸೆ ನನ್ನ ಫೋನು ತೆಗೆದುಕೊಂಡು ಗ್ರೂಪು ಓದಿದಳು. ಇಲಿಯ ಬಗ್ಗೆ ಯಾರೂ ಕೇಳಿಲ್ಲ. ವ್ಯಾನಿನವಳು ಕೇಳಿದ್ದು ಒದ್ದೆ ಬಟ್ಟೆ ಒಣಗಿಸುವುದು ಹೇಗೆ ಎಂದು. ಅದರ ಕೆಳಗೆ ನನ್ನ ದನಿ, ಬೋನಿಡು, ಬ್ರೆಡ್ಡು ಬಿಡಬೇಡ. ಮಂಚದ ಕೆಳಗೆ ಯಾವ ಹುಡುಗನೂ ಇಲ್ಲ. ಅವಳಿಯಮ್ಮ ಹದಿಮೂರನೇ ತಾರೀಕು ಕೇಳಿದ್ದು, ರೈಲಿನಲ್ಲಿ ಮಕ್ಕಳಿಗೆ ಕೆಳಗಿನ ಬರ್ತ್ ಸಿಗುವ ಉಪಾಯ. ಅದಕ್ಕೆ ನನ್ನ ಉತ್ತರ, ಸೋಮಾರಿ ತಾಯಿ, ನಾಚಿಕೆಯಾಗಬೇಕು.

"ಅವರು ಗ್ರೂಪು ಬಿಟ್ಟು ಹೋದ್ರು ಅತ್ತೆ. ಅವರ ಒಬ್ಬ ಮಗನಿಗೆ ನಿಜವಾಗ್ಲೂ ಓದೋಕೆ ಬರಲ್ವಂತೆ. ಯಾರಿಗೂ ಹೇಳಿರ್ಲಿಲ್ಲ. ಹೆಡ್ಮಿಸ್‌ಗೆ ಹೇಗೆ ಗೊತ್ತಾಯ್ತು, ಎಲ್ಲರ ಮುಂದೆ ಯಾಕೆ ಹೀಗೆ ಮಾಡಿದ್ರು ಅಂತ ಅತ್ತರಂತೆ. ವ್ಯಾನಿನವರೇ ಫೋನ್ ಮಾಡಿ ಹೇಳಿದ್ರು — ನಿಮ್ಮ ಅತ್ತೆಗೆ ಮರೆವು ಶುರುವಾಗಿದೆಯಾ ನೋಡಿ ಅಂತ."

"ಅಮ್ಮ, ಈ ಇಲಿ ಎಲ್ಲಿಂದ ಬಂತು? ಯಾರು ಓದಿ ಹೇಳಿದ್ರು ನಿಂಗೆ?" ಎಂದ ಮಗ.

ಅಡುಗೆಮನೆ ಬಾಗಿಲ ಹತ್ತಿರ ಒಂದು ತೆಳ್ಳನೆಯ ನೆರಳು. ಮುಖ ಕಾಣಲಿಲ್ಲ. ಉಸಿರು ಕೇಳಿಸುತ್ತಿತ್ತು.

ಆ ಕ್ಷಣಕ್ಕೆ ಗೊತ್ತಾಯಿತು. ಎಲ್ಲವೂ, ಒಟ್ಟಿಗೇ. ನೆಲ ಕುಸಿಯುವುದು ಎಂದರೆ ಮಾತಿಗೆ ಹೇಳುವುದು ಎಂದುಕೊಂಡಿದ್ದೆ.

"ಯಾರೂ ಓದಲಿಲ್ಲ. ನಾನೇ ನೋಡ್ದೆ. ಏನೋ ಕಂಡ ಹಾಗಾಯ್ತು" ಎಂದೆ.

ನೆರಳು ಸರಿದು ಹೋಯಿತು.

ಫೆಬ್ರವರಿ 21, ಶುಕ್ರವಾರ. 10 ಗಂಟೆ

ಸೊಸೆ ಡ್ಯೂಟಿಗೆ ಹೋದಳು. ಮಗ ಲಾರಿ ಸರ್ವೀಸಿಗೆ.

ಕಡ್ಡಿಯ ಓದಿನ ಪುಸ್ತಕ ತೆಗೆದು ನಡುವೆ ಒಂದು ಪುಟ ಬಿಡಿಸಿ, ಅಂದಾಜಿನ ಮೇಲೆ ಒಂದು ಪದದ ಮೇಲೆ ಬೆರಳಿಟ್ಟೆ. ಸಾಲಿನ ಮೊದಲಿನಿಂದಲ್ಲ. ಒಂದೇ ಪದ.

ಅವಳು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಯಾವಾಗಿಂದ?"

"ಮೊದಲಿಂದಾನೂ."

"ಅಕ್ಷರ ಗೊತ್ತಿಲ್ವಾ?"

"ಒಂದೊಂದೇ ಇದ್ರೆ ಕೆಲವು ಗೊತ್ತಾಗುತ್ತೆ. ಒಟ್ಟಿಗೆ ಬಂದ್ರೆ ತಳ್ಳಾಡ್ತವೆ ಅಜ್ಜಿ. ಯಾವುದು ಮುಂದೆ ಯಾವುದು ಹಿಂದೆ ತಿಳಿಯಲ್ಲ. ನೀನು ಒಂದ್ಸಲ ಹೇಳಿದ್ರೆ ಸಾಕು, ನಂಗೆ ನೆನಪಿರುತ್ತೆ."

"ಗ್ರೂಪಿಂದು?"

"ಫೋಟೋ ನೋಡಿ ಯಾರು ಅಂತ ಗೊತ್ತಾಗುತ್ತೆ. ಏನ್ ಕೇಳಿರ್ತಾರೆ ಅಂತ ನಾನೇ…" ನಿಲ್ಲಿಸಿದಳು. "ಇಲಿಗೆ ನೀನು ನಕ್ಕೆ."

ಮುಂದಿನದನ್ನು ಕೇಳದೆ ಇರಬಹುದಿತ್ತು. ಕೇಳಿದೆ.

"ಓದೋಕೆ ಬರದ ಮಗು ಅಂದ್ಯಲ್ಲ. ಆ ಪ್ರಶ್ನೆ ಯಾರ್ದು?"

ಬಹಳ ಸಣ್ಣಗೆ — "ಅಮ್ಮಂಗೆ ಹೇಳ್ಬೇಡ ಅಜ್ಜಿ. ನಾಚಿಕೆ ಆಗುತ್ತೆ."

ಮಂಚದ ಕೆಳಗೆ ಹೋದಳು. ಹಸಿವಾದಾಗ ಬರುತ್ತಾಳೆ ಎಂದು ಹೇಳಿದವಳು ನಾನೇ. ಒಂದು ಗಂಟೆಯಾಯಿತು. ಬರಲಿಲ್ಲ.

ಅದೇ ದಿನ, 3 ಗಂಟೆ

ಒಂದು ವಿಷಯ ಈ ಪುಸ್ತಕದಲ್ಲೂ ಎಂದೂ ಬರೆದಿಲ್ಲ. ಬರೆಯುತ್ತೇನೆ.

ಎರಡು ವರ್ಷದ ಹಿಂದೆ, ಇವಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಟೀಚರ್ ಒಂದು ಕಾಗದ ಕಳಿಸಿದ್ದರು. ತಂದೆ ತಾಯಿಗೆ ಎಂದು ಮೇಲೆ ಬರೆದಿತ್ತು. ಒಡೆದು ಓದಿದವಳು ನಾನು. 'ಮಗು ಚುರುಕಾಗಿದ್ದಾಳೆ, ಆದರೆ ಅಕ್ಷರ ಹಿಡಿಯಲು ಕಷ್ಟಪಡುತ್ತಿದ್ದಾಳೆ. ಇಂಥ ಮಕ್ಕಳಿಗೆ ಬೇರೆ ರೀತಿಯಲ್ಲಿ ಕಲಿಸುವವರಿದ್ದಾರೆ. ದಯವಿಟ್ಟು ಒಮ್ಮೆ ತೋರಿಸಿ.' ಅಷ್ಟೇ. ಬೈಗುಳವಿರಲಿಲ್ಲ. ನನಗೆ ಮಾತ್ರ ಒಂದೇ ಪದ ಕಂಡಿತು — ಮಂದ. ಅವರು ಬರೆಯದ ಪದ. ಕಾಗದ ಒಲೆಗೆ ಹಾಕಿದೆ. ಮರುದಿನ ಶಾಲೆಗೆ ಹೋಗಿ, ನಮ್ಮ ಮನೆತನದಲ್ಲಿ ಮಂದ ಬುದ್ಧಿಯವರು ಯಾರೂ ಇಲ್ಲ ಎಂದು ಹೇಳಿ ಮಗುವಿನ ಕೈ ಹಿಡಿದು ಕರೆತಂದೆ. ಮನೆಯಲ್ಲಿ ಹೇಳಿದ್ದು, ಟೀಚರ್ ಮಗುವಿಗೆ ಮಂದ ಎಂದರು ಅಂತ.

ಮಗ, ಸೊಸೆ ಇಬ್ಬರೂ ನಂಬಿದರು. ಸೊಸೆ ನನ್ನ ಕೈ ಹಿಡಿದು, "ನೀವಿಲ್ಲದಿದ್ರೆ ಏನು ಗತಿ ಅತ್ತೆ" ಎಂದು ಅತ್ತಿದ್ದಳು.

ಫೆಬ್ರವರಿ 22, ಶನಿವಾರ

ಕಲಿಸಿಯೇ ಬಿಡುತ್ತೇನೆ ಎಂದು ಹಠ ಹಿಡಿದೆ. ತಟ್ಟೆಯಲ್ಲಿ ಹಿಟ್ಟು ಹರಡಿ ಬೆರಳಲ್ಲಿ ತಿದ್ದಿಸಿದೆ. ಬೆಳಿಗ್ಗೆ ಎರಡಕ್ಷರದ ಆರು ಪದ. ಮಧ್ಯಾಹ್ನಕ್ಕೆ ಮೂರು ಉಳಿದವು. ಸಂಜೆಗೆ ಒಂದೂ ಇಲ್ಲ. ಕೂಗಿದೆ. ತಟ್ಟೆ ದಬ್ಬಿದೆ. ಹಿಟ್ಟು ಅವಳ ಹುಬ್ಬಿನ ಮೇಲೆಲ್ಲ.

"ಇನ್ನೊಂದ್ಸಲ ನೀನೇ ಓದು ಅಜ್ಜಿ. ನಾನು ಬಾಯಿಪಾಠ ಮಾಡ್ಕೊಳ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದಳು. ನನಗೆ ಸಮಾಧಾನ ಹೇಳುವವಳಂತೆ.

ಫೆಬ್ರವರಿ 24, ಸೋಮವಾರ

ಮರೆವಿನ ಡಾಕ್ಟರ ಬಳಿ. ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ — ತಪ್ಪು ತಪ್ಪು ಉತ್ತರ ಹೇಳಿಬಿಡುವುದು. ಮರೆವು ಎಂದಾದರೆ ಇಲಿಯ ಮಾತು ಅಲ್ಲಿಗೆ ಮುಗಿಯುತ್ತದೆ, ಕಡ್ಡಿಯ ಮಾನ ಉಳಿಯುತ್ತದೆ.

"ಅಮ್ಮ, ಗಡಿಯಾರದ ಚಿತ್ರ ಬರೀರಿ. ಹನ್ನೊಂದು ಹತ್ತು ತೋರಿಸ್ಬೇಕು." ಮಾರ್ಕರ್ ಕೊಟ್ಟರು. ಬರೆದೆ. ಸೆಕೆಂಡಿನ ಮುಳ್ಳೂ ಸೇರಿಸಿ. ನೂರರಿಂದ ಏಳೇಳು ಕಳೆಯಿರಿ ಎಂದರು. ನಿಲ್ಲಿಸಿ ಎನ್ನುವವರೆಗೂ ಕಳೆದೆ. ಕೈ, ಬಾಯಿ ನನ್ನ ಮಾತು ಕೇಳಲಿಲ್ಲ. ಹುಟ್ಟಾ ಇರುವ ಜಂಭ. ಮೊಮ್ಮಗಳಿಗಾಗಿ ಅರ್ಧ ಗಂಟೆ ದಡ್ಡಿಯಾಗಲು ಆಗಲಿಲ್ಲ ನನ್ನಿಂದ.

"ನಿಮ್ಮ ಅತ್ತೆ ನಮ್ಮೆಲ್ಲರಿಗಿಂತ ಚುರುಕಾಗಿದ್ದಾರೆ" ಎಂದು ಡಾಕ್ಟರು ನಕ್ಕರು. ಸೊಸೆ ನಗಲಿಲ್ಲ. ಆಟೋದಲ್ಲಿ ಕೇಳಿದಳು:

"ಹಾಗಾದ್ರೆ ಬೇಕಂತಲೇ ಹೇಳಿದ್ರಾ? ಪಾಪ ಆ ಹೆಂಗಸಿಗೆ?"

ಸುಮ್ಮನಿರುವುದು ಎಷ್ಟು ಭಾರವಾದ ಅಸ್ತ್ರ ಎಂದು ಎತ್ತಿ ಹಿಡಿದಾಗ ತಿಳಿಯಿತು.

ಆ ಊರಿನ ಕೆಲಸ ಒಪ್ಪಿಕೊಂಡಿದ್ದಾಳೆ. ಶನಿವಾರ ಹೊರಡುವುದು. ಮಗುವನ್ನು ಕರೆದುಕೊಂಡು.

ಫೆಬ್ರವರಿ 27, ಗುರುವಾರ. 11 ಗಂಟೆ

ಪೆಟ್ಟಿಗೆ ಕಟ್ಟುವುದು ನಡೆದಿದೆ. ಹೊಸ ಶಾಲೆಯಲ್ಲಿ ಮೊದಲ ದಿನವೇ ಎದ್ದು ನಿಂತು ಓದು ಎನ್ನುತ್ತಾರೆ. ಅಲ್ಲಿ ಮೊದಲು ಓದಿ ಹೇಳಲು ನಾನಿರುವುದಿಲ್ಲ. ಇಡೀ ತರಗತಿ ನಗುತ್ತದೆ.

ಅವಳಿಯಮ್ಮನ ನಂಬರ್ ಹುಡುಕಿ, ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಒತ್ತಿದೆ. ಏಳು ಸಲ ರಿಂಗಾಯಿತು.

"ನಾನು… ಹೆಡ್ಮಿಸ್."

"ಹೇಳಿ." ಬಾಗಿಲು ಅರ್ಧ ಮಾತ್ರ ತೆರೆದಂಥ ದನಿ.

ಎಲ್ಲ ಹೇಳಿದೆ. ಕಾಗದದ್ದೂ. ಹೊರಗಿನ ಒಬ್ಬರಿಗೆ, ಮುಖ ಕಾಣದವರಿಗೆ ಹೇಳುವುದು ಸುಲಭವಿರಬಹುದು ಎಂದುಕೊಂಡಿದ್ದೆ. ಸುಲಭವಿರಲಿಲ್ಲ.

"ಆವತ್ತು ನಿಮ್ಮ ಮಾತು ಕೇಳಿ ಮಗನ್ನ ಪಕ್ಕದ ಮನೆಯವರ ಎದುರು ನಿಲ್ಲಿಸಿ ಓದಿಸ್ದೆ" ಎಂದಳು. "ಬಟ್ಟೇಲೇ ಒಂದು ಮಾಡ್ಕೊಂಡ. ಎಂಟು ವರ್ಷದ ಹುಡುಗ."

ಕ್ಷಮಿಸು ಎಂಬ ಪದವನ್ನು ಕೊನೆಯ ಸಲ ಯಾವಾಗ ಆಡಿದ್ದೆನೋ. ಆಡಿದೆ.

"ನಂಗೆ ಹೇಳಿ ಏನ್ ಪ್ರಯೋಜನ ಹೆಡ್ಮಿಸ್? ಅವಳ ತಾಯಿಗೆ ಹೇಳಿ. ಈಗ್ಲೇ. ಹೊಸ ಶಾಲೆಗೆ ಕಾಲಿಡೋಕೆ ಮುಂಚೆ. ಮೊದಲು ಮಗು ಹತ್ರ ಒಪ್ಪಿಗೆ ಕೇಳಿ, ಅದರ ಬೆನ್ನ ಹಿಂದೆ ಹೇಳ್ಬೇಡಿ."

ಎಷ್ಟೋ ಜನರಿಗೆ ಬುದ್ಧಿ ಹೇಳಿದವಳು. ಬಟಾಣಿ ಸುಲಿಸು ಎಂದು ಹೇಳಿಸಿಕೊಂಡವಳಿಂದ ಬುದ್ಧಿ ಕೇಳಿ, "ಆಗಲಿ" ಎಂದೆ.

ಫೆಬ್ರವರಿ 28, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ಮೊದಲು ಕಡ್ಡಿಗೆ. ನೆಲದ ಮೇಲೆ, ಮಂಚದ ಪಕ್ಕ ಕೂತು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದು ಹಾಗೇ ಇರಲಿ. "ತಪ್ಪು ನಿಂದಲ್ಲ, ನಂದು. ಹೇಳ್ಲಾ?" ಮಂಚದ ಕೆಳಗಿನಿಂದ ಒಂದು ಕೈ ಬಂದು ನನ್ನ ಸೆರಗು ಹಿಡಿಯಿತು. ಹೂಂ ಎಂದೋ, ಬೇಡ ಎಂದೋ. ಆಮೇಲೆ, "ಇಲೀದು ಹೇಳ್ಬೇಡ" ಎಂದಳು. ಉಳಿದದ್ದಕ್ಕೆ ಒಪ್ಪಿಗೆ ಎಂದು ತಿಳಿದೆ.

ಮಧ್ಯಾಹ್ನ ಸೊಸೆಗೆ, ಮಗನಿಗೆ. ನಿಂತೇ ಹೇಳಿದೆ. ಕೂರಲು ಮನಸ್ಸಾಗಲಿಲ್ಲ.

ಮಗ ಎದ್ದು ಅಂಗಳಕ್ಕೆ ಹೋದ. ಲಾರಿಯ ಬಾಗಿಲು ತೆರೆದದ್ದು, ಮುಚ್ಚಿದ್ದು ಕೇಳಿಸಿತು. ಸ್ಟಾರ್ಟ್ ಮಾಡಲಿಲ್ಲ.

ಸೊಸೆ ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಿದ್ದರೆ ಉತ್ತರ ಕೊಡಬಹುದಿತ್ತು.

"ಎರಡು ವರ್ಷ, ಅತ್ತೆ" ಎಂದಳು. ಮತ್ತೆ ಬೆರಳು ಮಡಚಿ ಎಣಿಸಿಕೊಂಡವಳಂತೆ, "ಎರಡು ವರ್ಷ."

ಸಂಜೆಯವರೆಗೂ ಯಾರಿಗೋ ಫೋನು ಮಾಡುತ್ತಿದ್ದಳು. ಅಕ್ಷರ ತಳ್ಳಾಡುವ ಮಕ್ಕಳಿಗೆ ಕಲಿಸುವವರು ಆ ಊರಿನಲ್ಲಿ ಒಬ್ಬರಿದ್ದಾರಂತೆ. ಇಂಥ ಮಕ್ಕಳು ಬಹಳ ಇದ್ದಾರಂತೆ. ಕಲಿಯುತ್ತಾರಂತೆ, ತಡವಾಗಿ, ಕಷ್ಟಪಟ್ಟು. ಎಲ್ಲರೂ ಅಲ್ಲ.

ದೀಪ ಹಚ್ಚುವ ಹೊತ್ತಿಗೆ ನನ್ನ ಬಳಿ ಬಂದು ನಿಂತಳು.

"ಮೂರು ತಿಂಗಳು ನೀವು ಅಲ್ಲಿಗೆ ಬರೋದು ಬೇಡ. ಫೋನಲ್ಲಿ ಪಾಠದ ಮಾತೂ ಬೇಡ. ನಿಮ್ಮ ದನಿ ಕೇಳಿದ್ರೆ ಅವಳು ಬಾಯಿಪಾಠ ಶುರು ಮಾಡ್ತಾಳೆ. ನಿಮ್ಮನ್ನ ಮೆಚ್ಚಿಸೋಕೆ."

"ಆಗಲಿ" ಎಂದೆ. ಎರಡು ದಿನದಲ್ಲಿ ಎರಡನೇ ಸಲ.

ಮಾರ್ಚ್ 1, ಶನಿವಾರ. 8.50

ಸಾಮಾನು ಲಾರಿಗೆ ಏರಿದೆ. ಒಂಬತ್ತಕ್ಕೆ ಹೊರಡುತ್ತಾರೆ. ಅಡುಗೆಮನೆಯಲ್ಲಿ ಅವಳ ಲೋಟ ಒಂದೇ ಉಳಿದಿದೆ. ಅದರಲ್ಲಿ ಇನ್ನೂ ಸ್ವಲ್ಪ ಹಾಲಿದೆ.

ಈಗಷ್ಟೇ ಬಂದಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕಣ್ಣಿನ ಔಷಧಿ ಬಿಟ್ಟಳು. ನೀಲಿ ಮುಚ್ಚಳದ್ದು. ಇನ್ನು ಮೇಲೆ ಯಾರು ಬಿಡ್ತಾರೆ ಎಂದು ಕೇಳಿದಳು. ನಾನೇ ಬಿಟ್ಟುಕೊಳ್ತೀನಿ ಎಂದೆ.

"ಅಜ್ಜಿ, ಒಂದು ಪ್ರಶ್ನೆ."

"ಹೂಂ."

"ಯಾರ್ದೂ ಅಲ್ಲ. ನಂದೇ."

"ಕೇಳು."

"ಅಲ್ಲೂ ನಂಗೆ ಓದೋಕೆ ಬರದೇ ಇದ್ರೆ?"

ಅಷ್ಟರಲ್ಲಿ ಅವಳಮ್ಮ ಕರೆದಳು. ಷೂ ಹಾಕಿಕೊಂಡು ಬರುತ್ತೇನೆ, ಅಷ್ಟರಲ್ಲಿ ಯೋಚಿಸಿಟ್ಟಿರು ಎಂದು ಹೇಳಿ ಓಡಿದಳು.

ಬಂದೇ ಬರುತ್ತೆ — ಇದು ನನಗೆ ಗೊತ್ತಿಲ್ಲದ ಮಾತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಹೇಳಿಯೇ ಇಲ್ಲಿಗೆ ಬಂದದ್ದು. ಹೊಡೆದು ಹಾಕಿದೆ.

ಬರದಿದ್ದರೆ ಅಜ್ಜಿ ಹತ್ತಿರ ಬಂದುಬಿಡು — ಇದು ನನ್ನ ಆಸೆ, ಅವಳಿಗೆ ಉತ್ತರವಲ್ಲ. ಹೊಡೆದು ಹಾಕಿದೆ.

ಓದು ಬರದಿದ್ದರೂ ಪರವಾಗಿಲ್ಲ — ಇದು ಸುಳ್ಳು. ಅದು ಅವಳಿಗೂ ಗೊತ್ತು.

ಒಂದು ಷೂ ಹಾಕಿದ ಸದ್ದು. ಇನ್ನೊಂದು. ಬರುತ್ತಿದ್ದಾಳೆ.

ಬರದೇ ಇದ್ದರೆ, ಕಡ್ಡಿ,